ಪಂಚೆ ಬಿತ್ತಿದ ಹೊಲ

ಹೋದ ತಿಂಗಳು ಶಾಲೆಯ ಸಹೋದ್ಯೋಗಿಗಳ ಜೊತೆ ಕಾರಿನಲ್ಲಿ ಗುಂಡ್ಲುಪೇಟೆ ದಾಟಿ ಕೇರಳದ ದಾರಿಯಲ್ಲಿ ಮದ್ದೂರಿನ ಕಡೆಗೆ ಹೋಗುತ್ತಿದ್ದೆ. ಮುಂದೊಂದು ಲಾರಿ ಟಾರ್ಪಾಲು ಹೊದ್ದುಕೊಂಡು ಏದುಸಿರು ಬಿಡುತ್ತ ಏರುತ್ತಿತ್ತು. ಅದು ಹೊತ್ತಿರುವುದು ಏನೆಂದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯಿತು. ಕಾರಿನಲ್ಲಿದ್ದವರೆಲ್ಲ ಸೆರಗು, ಕರವಸ್ತ್ರ, ಕೊನೆಗೆ ಕೈಗೆ ಸಿಕ್ಕ ಪ್ರಶ್ನೆಪತ್ರಿಕೆಯ ಕಟ್ಟನ್ನೂ ಮೂಗಿಗೆ ಒತ್ತಿಕೊಂಡು “ಗ್ಲಾಸ್ ಏರಿಸಿ, ಗ್ಲಾಸ್ ಏರಿಸಿ” ಎಂದು ಕೂಗಿದರೆ, ನಾನು ಮಾತ್ರ ನನ್ನ ಕಡೆಯ ಗ್ಲಾಸನ್ನು ಪೂರ್ತಿ ಇಳಿಸಿ ಮುಖವನ್ನು ಗಾಳಿಗೆ ಒಡ್ಡಿದೆ. ಒಣಗಿದ ಸಗಣಿ, ಅದರೊಳಗೆ ಒಂದಿಷ್ಟು ಹುಲ್ಲು, ಒಂದಿಷ್ಟು ಬಿಸಿಲು, ಒಂದಿಷ್ಟು ಕಾಡು. ಇಂಗ್ಲಿಷ್ ಕಲಿಸುವ ಮೇಡಂ ನನ್ನನ್ನು ಕನಿಕರದಿಂದ ನೋಡಿ, “ಹುಷಾರಿಲ್ವಾ?” ಎಂದು ಕೇಳಿದರು. ಹುಷಾರಾಗಿಯೇ ಇದ್ದೇನೆ ಎಂದೆ. ಇದು ನಮ್ಮ ದೊಡ್ಡವ್ವನ ಮನೆಯ ವಾಸನೆ ಎಂದು ಹೇಳಿದ್ದರೆ ದೊಡ್ಡವ್ವನ ಮನೆಯ ಮರ್ಯಾದೆ ಹೋಗುತ್ತಿತ್ತು.

ನಿಮಗೆ ಹೇಳಬಹುದು. ನೀವು ಮೂಗು ಮುಚ್ಚಿಕೊಂಡರೂ ನನಗೆ ಕಾಣುವುದಿಲ್ಲ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲೇ ಹುಟ್ಟಿ, ಹಂಗಳದಲ್ಲೇ ಒಂದೆರಡು ಬೀದಿಯಾಚೆಗೆ ಮದುವೆಯಾದವಳು. ನಮ್ಮವ್ವನನ್ನು ಚಾಮರಾಜನಗರದ ಆಚೆ ಹರವೆಗೆ ಕೊಟ್ಟಿದ್ದರು. ಬೇಸಿಗೆ ರಜೆ ಬಂತೆಂದರೆ ನಾನು ಹರವೆಯಿಂದ ಬಸ್ಸು ಬದಲಿಸಿಕೊಂಡು ಹಂಗಳಕ್ಕೆ ಓಡುತ್ತಿದ್ದೆ. ದೊಡ್ಡವ್ವನ ಕೊಟ್ಟಿಗೆಯಲ್ಲಿ ನಾಟಿ ದನಗಳ ಒಂದು ಮಂದೆಯೇ ಇತ್ತು. ಹಾಲು ಎಂದು ಅವು ಕೊಡುತ್ತಿದ್ದುದು ಕಾಫಿಗೆ ಬಣ್ಣ ಬರುವಷ್ಟು. ಅವುಗಳನ್ನು ಸಾಕುತ್ತಿದ್ದುದೇ ಸಗಣಿಗೆ. ಬೆಳಿಗ್ಗೆ ಬಂಡೀಪುರದ ಕಾಡಂಚಿಗೆ ಹೋಗಿ, ಸಂಜೆ ಲಂಟಾನದ ಮುಳ್ಳಲ್ಲಿ ಮೈ ಗೀರಿಕೊಂಡು, ದೂಳೆಬ್ಬಿಸುತ್ತ ಬರುತ್ತಿದ್ದವು. ರಾತ್ರಿಯೆಲ್ಲ ಹಟ್ಟಿಯಲ್ಲಿ ಹಾಕಿದ್ದನ್ನು ದೊಡ್ಡವ್ವ ಬೆಳಿಗ್ಗೆ ಗುಡಿಸಿ, ಹರವಿ, ಒಣಗಿಸಿ, ಮನೆಯ ಮುಂದೆ ಗುಡ್ಡೆ ಹಾಕುತ್ತಿದ್ದಳು. ಆ ಗುಡ್ಡೆಯ ಎತ್ತರದ ಮೇಲೆ ಮನೆಯ ಘನತೆ ನಿಂತಿತ್ತು. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ತಿಪ್ಪೆಯನ್ನು ನೋಡುತ್ತಿದ್ದರು. ನಮ್ಮ ದೊಡ್ಡವ್ವನ ಮಗಳು ಅಕ್ಕಯ್ಯನಿಗೆ ಒಳ್ಳೆಯ ಸಂಬಂಧ ಬಂದದ್ದು ತಿಪ್ಪೆಯಿಂದಲೇ ಎಂದು ನಾನು ಇಂದಿಗೂ ಅವಳನ್ನು ರೇಗಿಸುತ್ತೇನೆ.

ಗುಡ್ಡೆ ದೊಡ್ಡದಾದಾಗ ಕೇರಳದ ಬತ್ತೇರಿಯಿಂದ ಲಾರಿ ಬರುತ್ತಿತ್ತು. ಅಲ್ಲಿನ ಕಾಫಿ ತೋಟಗಳಿಗೆ ನಮ್ಮ ಕಡೆಯ ಸಗಣಿ ಅಂದರೆ ಪ್ರಾಣ. ಲಾರಿಯ ಜೊತೆ ಬರುತ್ತಿದ್ದವರು ಜೋಸ್ ಚೇಟ. ಮುಂಡು ಎಂಬ ಬಿಳಿ ಪಂಚೆಯನ್ನು ಎತ್ತಿಕಟ್ಟಿ ಇಳಿದು, “ಚಾಣಗಂ ಉಂಡೋ ಚೇಟಾ?” ಎಂದು ದೊಡ್ಡಪ್ಪನನ್ನು ಕೇಳುತ್ತಿದ್ದರು. ಚಾಣಗಂ ಎಂದರೆ ಸಗಣಿ, ಉಂಡೋ ಎಂದರೆ ಇದೆಯಾ, ಚೇಟ ಎಂದರೆ ಅಣ್ಣ. ದೊಡ್ಡಪ್ಪನೂ ಅವರನ್ನು ಚೇಟಾ ಎಂದೇ ಕರೆಯುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಜೋಸ್ ಚೇಟ ನಮಗೆ ನೇಂದ್ರ ಬಾಳೆಯ ಚಿಪ್ಸ್ ತಂದುಕೊಡುತ್ತಿದ್ದರು. ಲಾರಿ ಸಗಣಿ ತುಂಬಿಕೊಂಡು ಹೋಗುತ್ತದೆ, ಮುಂದಿನ ಸಲ ಚಿಪ್ಸ್ ತರುತ್ತದೆ. ಕೇರಳದಲ್ಲಿ ಸಗಣಿಯನ್ನು ಯಾವುದೋ ಮಿಷನ್ನಿಗೆ ಹಾಕಿ ಚಿಪ್ಸ್ ಮಾಡುತ್ತಾರೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ನಂಬಿದ ಮೇಲೂ ತಿನ್ನುವುದನ್ನು ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಹಂಗಳದ ಶಾಲೆಯಲ್ಲೇ ಕೆಲಸ ಸಿಕ್ಕಿತು. ಅಕ್ಕಯ್ಯ ಅಷ್ಟರಲ್ಲಿ ಹರವೆಗೇ ಸೊಸೆಯಾಗಿ ಹೋಗಿದ್ದಳು. ಅವಳು ನಮ್ಮೂರಿಗೆ, ನಾನು ಅವಳ ಮನೆಗೆ. ಲೆಕ್ಕ ಚುಕ್ತಾ ಎಂದು ದೊಡ್ಡಪ್ಪ ನನ್ನ ಟ್ರಂಕನ್ನು ಒಳಗೆ ಇಟ್ಟ. ಊರಿಗೆ ಆಗ ಒಂದೋ ಎರಡೋ ಮೊಬೈಲ್ ಬಂದಿದ್ದವು. ಸಿಗ್ನಲ್ ಬೇಕಾದವರು ನೀರಿನ ಟ್ಯಾಂಕ್ ಹತ್ತಬೇಕಿತ್ತು. ಹತ್ತಿದವರ ಸಂಸಾರದ ಗುಟ್ಟೆಲ್ಲ ಕೆಳಗೆ ನೀರು ಹಿಡಿಯುವವರಿಗೆ ಕೇಳುತ್ತಿತ್ತು.

ದೊಡ್ಡವ್ವನಿಗೆ ಒಂದು ಹೊಲವಿತ್ತು. ಮದುವೆಯಲ್ಲಿ ನಮ್ಮಜ್ಜಿ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ತವರಿನ ಹೊಲವೆಂದರೆ ಹೆಂಗಸರಿಗೆ ಹೇಗೆಂದು ನಾನು ಹೇಳಬೇಕಾಗಿಲ್ಲ. ಬೇಸರವಾದರೆ ಅಲ್ಲಿಗೆ, ಸಂತೋಷವಾದರೂ ಅಲ್ಲಿಗೆ. ಮಳೆ ಬಿದ್ದ ಮೇಲೆ ಮಡಿಲು ಕಟ್ಟಿಕೊಂಡು ಬೆರಕೆ ಸೊಪ್ಪಿಗೆ ಹೋಗುತ್ತಿದ್ದಳು. ಅಣ್ಣೆ, ಗೋಣಿ, ಇನ್ನೂ ನನಗೆ ಹೆಸರು ತಿಳಿಯದ ಎಷ್ಟೋ ಸೊಪ್ಪು ಸೇರಿಸಿ ಬಸ್ಸಾರು ಮಾಡಿದರೆ, ಮುದ್ದೆ ತಾನಾಗಿ ಗಂಟಲಿಗೆ ಇಳಿಯುತ್ತಿತ್ತು. ನಾನೂ ಒಮ್ಮೆ ಸಹಾಯ ಮಾಡಲು ಹೋಗಿ ಕೊತ್ತಂಬರಿ ಎಂದುಕೊಂಡು ಪಾರ್ಥೇನಿಯಂ ಕಿತ್ತುತಂದೆ. “ನೀನು ಪಾಠ ಯೋಳ್ಕೊಂಡಿರು ಕೂಸು, ಸೊಪ್ಪಿನ ತಂಟೆಗೆ ಬರ್ಬ್ಯಾಡ” ಎಂದು ದೊಡ್ಡವ್ವ ಅಂದಿನಿಂದ ನನ್ನನ್ನು ಸೊಪ್ಪಿನ ಖಾತೆಯಿಂದ ತೆಗೆದಳು.

ಆ ಹೊಲ ಕೆಲವು ವರ್ಷದಿಂದ ಸೊರಗುತ್ತಿತ್ತು. ಅರಿಶಿನ ಹಾಕಿದರೆ ಗೆಡ್ಡೆ ಬೆರಳಷ್ಟೂ ದಪ್ಪವಾಗುತ್ತಿರಲಿಲ್ಲ, ಸೂರ್ಯಕಾಂತಿ ಹಾಕಿದರೆ ಹೂ ತಲೆಯೆತ್ತುತ್ತಿರಲಿಲ್ಲ. ಚೀಲದ ಗೊಬ್ಬರ ಎಷ್ಟು ಸುರಿದರೂ ಅಷ್ಟೇ. ಬೆರಕೆ ಸೊಪ್ಪು ಕೂಡ ಬೇಲಿಯ ಬದಿಗೆ ಸರಿದುಬಿಟ್ಟಿತ್ತು. ಮೇಲಿಂದ ಹಂದಿ, ಆನೆ. ದೊಡ್ಡಪ್ಪ ಅಟ್ಟಣೆಯ ಮೇಲೆ ಕೂತು ಕಾದು ಕಾದು ಸುಸ್ತಾಗಿದ್ದ. “ನೀಲಗಿರಿ ಆಕ್ಬುಡನ. ನೀರು ಬ್ಯಾಡ, ಕಾವ್ಲು ಬ್ಯಾಡ. ಈ ಮಣ್ಣು ಸತ್ತೋಗದೆ ಕಣಮ್ಮಿ” ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುವನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದ ನಾಗಣ್ಣ ಆಗಲೇ ತನ್ನ ಅರ್ಧ ಹೊಲಕ್ಕೆ ನೀಲಗಿರಿ ಹಾಕಿ ಕಾಲು ಚಾಚಿ ಮಲಗುತ್ತಿದ್ದ. ಆದರೆ ನೀಲಗಿರಿಯ ಕೆಳಗೆ ಒಂದು ಗರಿಕೆಯೂ ಏಳುವುದಿಲ್ಲ ಎಂಬುದನ್ನು ದೊಡ್ಡವ್ವ ನೋಡಿದ್ದಳು. ನೀಲಗಿರಿ ಬಂದರೆ ಅವ್ವನ ಹೊಲಕ್ಕೆ ತಾನು ಹೋಗಲು ಕಾರಣವೇ ಇರುವುದಿಲ್ಲ ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ಗಂಡನ ಎದುರು ಮಾತ್ರ ಮುದ್ದೆ ಮುರಿಯುತ್ತ ಸುಮ್ಮನಿರುತ್ತಿದ್ದಳು.

ಇಂಥ ಹೊತ್ತಿನಲ್ಲಿ ಊರಿಗೆ ವಿದ್ಯಾ ಬಂದಳು. ಧಾರವಾಡದ ಕಡೆಯ ಹುಡುಗಿ. ಕಾಡಂಚಿನ ಊರುಗಳ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹಾಲಿನ ಡೇರಿಯ ಪಕ್ಕ ರೂಮು ಹಿಡಿದು, ಒಂದು ಹಳೆಯ ಟಿವಿಎಸ್ ಮೊಪೆಡ್ಡಿನ ಮೇಲೆ ಕಬ್ಬಿಣದ ಕೊಳವೆ ಕಟ್ಟಿಕೊಂಡು ಹೊಲ ಹೊಲ ಸುತ್ತಿ, ಮಣ್ಣು ತೆಗೆದು ಪೊಟ್ಟಣ ಕಟ್ಟುತ್ತಿದ್ದಳು. ಊರವರು ಅವಳಿಗೆ ಮಣ್ಣು ಮೇಡಮ್ಮು ಎಂದು ಹೆಸರಿಟ್ಟರು.

“ಮಣ್ಣು ನೋಡಕ್ಕೆ ಅಲ್ಲಿಂದ ಬಂದವ್ಳಾ? ಅವರೂರಲ್ಲಿ ಮಣ್ಣಿಲ್ವಾ?” ಎಂದು ದೊಡ್ಡಪ್ಪ ನನ್ನನ್ನು ಕೇಳಿದ.

“ಐತ್ರೀ ಅಪ್ಪಾರ. ಅದು ಕರೇದು, ನಿಮ್ಮದು ಕೆಂಪು” ಎಂದು ಅವಳೇ ಉತ್ತರ ಕೊಟ್ಟಳು. ದೊಡ್ಡಪ್ಪನಿಗೆ ಆ ‘ಅಪ್ಪಾರ’ ತುಂಬ ಹಿಡಿಸಿತು. ಅಂದಿನಿಂದ ಅವಳ ಊಟ ನಮ್ಮ ಮನೆಯಲ್ಲಿ.

ಅವಳ ಕನ್ನಡ ಊರಿಗೆ ಅರ್ಥವಾಗಬೇಕಾದರೆ, ಊರಿನ ಕನ್ನಡ ಅವಳಿಗೆ ಅರ್ಥವಾಗಬೇಕಾದರೆ ನಡುವೆ ನಾನು ನಿಲ್ಲಬೇಕಾಗುತ್ತಿತ್ತು. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದ ಕೀರ್ತಿ ನನ್ನದು. ಜೊತೆಗೆ ಶನಿವಾರ ಚಾಮರಾಜನಗರಕ್ಕೆ ಹೋಗುವಾಗ ಅವಳ ಮಣ್ಣಿನ ಪೊಟ್ಟಣಗಳನ್ನು ಅಲ್ಲಿನ ಮಣ್ಣು ಪರೀಕ್ಷೆಯ ಕೇಂದ್ರಕ್ಕೆ ಕೊಂಡೊಯ್ಯುವ ಕೆಲಸವೂ ನನ್ನ ಪಾಲಿಗೆ ಬಂತು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು, “ಯಾವ ದೇವರ ಪ್ರಸಾದ ಕಣವ್ವಾ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಒಂದು ಪೊಟ್ಟಣ ಬಿಚ್ಚಿ ಚಿಟಿಕೆ ತೆಗೆದು ಹಣೆಗಿಟ್ಟುಕೊಂಡಳು. ಗಂಡನ ಹಣೆಗೂ ಇಟ್ಟಳು. ಅಷ್ಟು ಭಕ್ತಿಯನ್ನು ನೋಡಿ ನಾನು ಸುಮ್ಮನಾದೆ. ವಿದ್ಯಾಳಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕು, ಆ ಪೊಟ್ಟಣವನ್ನು ಲೆಕ್ಕದಿಂದ ತೆಗೆದುಹಾಕಿದಳು.

ಮುಂಗಾರು ಹಿಡಿದಾಗ ಅವಳು ಹೊಸದೊಂದು ಪ್ರಯೋಗ ಹೂಡಿದಳು. ಅಪ್ಪಟ ಹತ್ತಿಯ ಬಿಳಿ ಬಟ್ಟೆಯನ್ನು ಚೌಕ ಚೌಕ ಕತ್ತರಿಸಿ, ಒಂದೊಂದಕ್ಕೂ ನಂಬರಿನ ತಗಡಿನ ಬಿಲ್ಲೆ ಕಟ್ಟಿ, ಅಲ್ಲಲ್ಲಿ ಹೂತಳು. ದೊಡ್ಡವ್ವನ ಹೊಲದ ನಡುವೆ ಕೆಲವು, ಹೊಂಗೆ ಬೇವು ಬೆಳೆದ ಬೇಲಿಯ ಬದಿಯಲ್ಲಿ ಕೆಲವು, ನಾಗಣ್ಣನ ನೀಲಗಿರಿಯ ಅಂಚಿನಲ್ಲಿ ಕೆಲವು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದರೆ ಅವು ಬಟ್ಟೆಯನ್ನು ತಿಂದು ಹಾಕುತ್ತವೆ, ಇಲ್ಲದಿದ್ದರೆ ಬಟ್ಟೆ ಹಾಗೇ ಇರುತ್ತದೆ. ಇಷ್ಟೇ ಸರಳ. ಜಾಗ ಮರೆಯದಿರಲಿ ಎಂದು ಒಂದೊಂದು ಬಟ್ಟೆಗೂ ಕೆಂಪು ದಾರ ಕಟ್ಟಿ, ದಾರದ ತುದಿಯನ್ನು ಮಣ್ಣಿನ ಮೇಲೆ ಒಂದು ಕಡ್ಡಿಗೆ ಸುತ್ತಿದಳು. ನಾಗಣ್ಣ ಆಗ ಮಗಳ ಊರಿಗೆ ಹೋಗಿದ್ದ. ಅವನ ಹೆಂಡತಿ, “ಹೂತ್ಕೊ ಓಗು ತಾಯಿ” ಎಂದು ಒಪ್ಪಿಗೆ ಕೊಟ್ಟು, ಗಂಡನಿಗೆ ಹೇಳುವುದನ್ನು ಮರೆತಳು.

ನಮ್ಮ ಸೀಮೆಯಲ್ಲಿ ಹೊಲದೊಳಗೆ ಬಿಳಿ ಬಟ್ಟೆ, ಕೆಂಪು ದಾರ ಹೂತರೆ ಏನರ್ಥವೆಂದು ಧಾರವಾಡದವಳಿಗೆ ಹೇಗೆ ತಿಳಿಯಬೇಕು? ನನಗೆ ತಿಳಿದಿತ್ತು. ಆದರೆ ವಿಜ್ಞಾನದ ಜೋಶಿನಲ್ಲಿ ನನಗೂ ಹೊಳೆಯಲಿಲ್ಲ.

ಗೌರಿ ಹಬ್ಬಕ್ಕೆ ಕೆಲವೇ ದಿನವಿರುವಾಗ, ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದ ಹೊತ್ತಿಗೆ ದೊಡ್ಡವ್ವ ಶಾಲೆಯ ಗೇಟಿನಲ್ಲಿ ನಿಂತು ಕೈ ಬೀಸಿದಳು. ನಾಗಣ್ಣನ ಹೊಲದಲ್ಲಿ ಮಾಟ ಸಿಕ್ಕಿದೆಯಂತೆ. ಹೆಡ್ಮಾಸ್ಟರ ಅಪ್ಪಣೆ ಪಡೆದು ಓಡಿದೆ. ನೀಲಗಿರಿಯ ಅಂಚನ್ನು ಉಳುತ್ತಿದ್ದ ನಾಗಣ್ಣನ ನೇಗಿಲಿಗೆ ಬಟ್ಟೆ ಸಿಕ್ಕಿತ್ತು. ಎತ್ತುಗಳನ್ನು ಅಲ್ಲೇ ಬಿಟ್ಟು ಅವನು ದೂರ ನಿಂತು ಬೆವರುತ್ತಿದ್ದ. ಅರ್ಧ ಊರು ಸೇರಿತ್ತು.

“ಯಾರೂ ಮುಟ್ಬ್ಯಾಡಿ! ಕೆಂಪು ದಾರ ಅದೆ, ನಂಬರ್ ಬ್ಯಾರೆ ಆಕವ್ರೆ!” ಎಂದು ನಾಗಣ್ಣ ಕೂಗಿದ.

“ನಂಬರ್ ಆಕಿರೋ ಮಾಟವ ನಾ ಕಂಡೇ ಇಲ್ಲ ಕಣಪ್ಪ. ಇದ್ಯಾವ್ದೋ ದೊಡ್ ಮಾಟವೇಯ” ಎಂದಿತು ಒಂದು ಅಜ್ಜಿ, ಗೌರವದಿಂದ.

ನಾಗಣ್ಣನ ಕಣ್ಣು ಮೆಲ್ಲಗೆ ನಮ್ಮ ದೊಡ್ಡಪ್ಪನ ಕಡೆ ತಿರುಗಿತು. ಇಬ್ಬರ ಹೊಲದ ನಡುವಿನ ಬದುವಿನ ಜಗಳ ಊರಿಗೆಲ್ಲ ಗೊತ್ತಿದ್ದದ್ದೇ. “ಬದಿನ ಜಗಳವ ಬದಿನಲ್ಲೇ ಬುಡ್ಬೇಕಿತ್ತು ಕಣಣ್ಣ. ಇಲ್ಲಿಗಂಟ ತರ್ಬಾರ್ದಿತ್ತು” ಎಂದ.

“ನಾನು ಮಾಟ ಮಾಡ್ಸಿದ್ನಾ? ಏನ್ಲಾ ನಾಗ, ನನ್ನ ಎತ್ತೇ ನನ್ನ ಮಾತು ಕೇಳಲ್ಲ, ಇನ್ನು ದೆವ್ವ ಕೇಳ್ತದಾ?” ಎಂದು ದೊಡ್ಡಪ್ಪ ರೇಗಿದ.

ಅಷ್ಟರಲ್ಲಿ ಮೊಪೆಡ್ ಸದ್ದಾಯಿತು. ವಿದ್ಯಾ ಗುಂಪನ್ನು ಸರಿಸಿಕೊಂಡು ಬಂದು, ಬಟ್ಟೆಯನ್ನು ಕಂಡು ಮುಖವರಳಿಸಿ, “ಅಯ್ಯ, ಅದು ನಾನ ಹುಗದೇನ್ರೀ!” ಎಂದಳು.

ಗುಂಪು ಒಮ್ಮೆಲೇ ಹಿಂದೆ ಸರಿಯಿತು. ಹಗಲು ಹೊತ್ತಿನಲ್ಲಿ, ಹತ್ತು ಜನರ ಮುಂದೆ, ನಗುನಗುತ್ತ ಮಾಟ ಒಪ್ಪಿಕೊಂಡವರನ್ನು ಯಾರೂ ನೋಡಿರಲಿಲ್ಲ. “ಇದರಾಗ ಜೀವ ಐತೋ ಇಲ್ಲೋ ಅಂತ ನೋಡಾಕರೀ” ಎಂದು ಅವಳು ವಿವರಣೆ ಬೇರೆ ಕೊಟ್ಟಾಗ ನಾಗಣ್ಣನ ಹೆಂಡತಿಗೆ ತನ್ನ ಮರೆವು ನೆನಪಾಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. “ನೋಡಿ, ಮಕ್ಕಳಿಗೆ ಪರೀಕ್ಷೆ ಮಾಡ್ತೀವಲ್ಲ, ಇದು ಮಣ್ಣಿಗೆ ಪರೀಕ್ಷೆ. ಮಣ್ಣು ಬಟ್ಟೆ ತಿಂದರೆ ಪಾಸು, ಬಿಟ್ಟರೆ ಫೇಲು” ಎಂದೆ. ಆಗ ಎಲ್ಲರ ಮುಖದಲ್ಲೂ ಭಯ ಹೋಗಿ ಕುತೂಹಲ ಬಂತು. ಫಲಿತಾಂಶ ಎಂದರೆ ಯಾರಿಗೆ ಬೇಡ? “ಅಂಗಾದ್ರೆ ನೋಡೇ ಬುಡನ” ಎಂದಿತು ಅಜ್ಜಿ. ಬಟ್ಟೆ ಮೇಲೆತ್ತುವ ಕಾಲವೂ ಹತ್ತಿರ ಬಂದಿದ್ದರಿಂದ ವಿದ್ಯಾ ಎಲ್ಲವನ್ನೂ ಅಂದೇ ತೆಗೆದಳು.

ನಾಗಣ್ಣನ ನೀಲಗಿರಿಯ ಕೆಳಗಿನ ಬಟ್ಟೆಯನ್ನು ಒಗೆದರೆ ಅಂಗಿ ಹೊಲಿಸಬಹುದಿತ್ತು. ಬೇಲಿಯ ಬದಿಯಲ್ಲಿ, ಎಲೆ ಉದುರಿ ಕೊಳೆಯುತ್ತಿದ್ದ ಕಡೆ ಹೂತದ್ದು ಜರಡಿಯಾಗಿತ್ತು, ಕೈಯಲ್ಲಿ ಹಿಡಿದರೆ ಹರಿದುಬರುತ್ತಿತ್ತು. ಕೊನೆಗೆ ದೊಡ್ಡವ್ವನ ಹೊಲದ ನಡುವಿನದು. ವಿದ್ಯಾ ಮಣ್ಣು ಕೊಡವಿ ಎತ್ತಿ ಹಿಡಿದಳು. ಅಲ್ಲಲ್ಲಿ ಕಲೆ ಬಿಟ್ಟರೆ ಬಟ್ಟೆ ಇಡಿಯಾಗಿತ್ತು.

ದೊಡ್ಡವ್ವನ ಮುಖ ನೋಡಲಾಗಲಿಲ್ಲ. “ನಾ ಯೋಳ್ನಿಲ್ವಾ, ಸತ್ತೋಗದೆ ಅಂತ?” ಎಂದ ದೊಡ್ಡಪ್ಪ. ಗೆದ್ದೆನೆಂಬ ಹಿಗ್ಗೇನೂ ಅವನ ದನಿಯಲ್ಲಿ ಇರಲಿಲ್ಲ. “ನೀಲ್ಗಿರಿ ಗಿಡಕ್ಕೆ ಯೋಳ್ಬುಡ್ತೀನಿ.”

“ಸತ್ತಿಲ್ಲರೀ ಅಪ್ಪಾರ” ಎಂದಳು ವಿದ್ಯಾ. “ಹಸದೈತಿ.”

ನಾನು ಅನುವಾದ ಮಾಡುವ ಮೊದಲೇ ಆ ಮಾತು ದೊಡ್ಡವ್ವನಿಗೆ ಮುಟ್ಟಿತ್ತು. ಮನೆಯ ಮುಂದೆ ಹಾದುಹೋಗುವ ಅಪರಿಚಿತರನ್ನೂ ಕರೆದು ಇಟ್ಟು ಉಣ್ಣಿಸುವವಳು ಅವಳು. “ಅಸ್ಕೊಂಡದಾ?” ಎಂದು ಬಗ್ಗಿ ಹೊಲದ ಮಣ್ಣನ್ನು ಮುಟ್ಟಿದಳು. “ಅಯ್ಯೋ ಶಿವನೇ, ನಾವು ಯಾರ್ಗೋ ಉಣ್ಣಾಕ್ತಾ ಅವಿ, ಇದು ಅಸ್ಕೊಂಡು ಬಿದ್ದದಾ?”

ವಿದ್ಯಾ ಅಲ್ಲೇ ಬದುವಿನ ಮೇಲೆ ಕೂತು ತನ್ನ ಸಂಶೋಧನೆಯ ತಿರುಳನ್ನು ಹೇಳಿದಳು. ದನ ಕಾಡಿನ ಹುಲ್ಲು ತಿನ್ನುತ್ತದೆ, ಸಗಣಿ ಹಟ್ಟಿಗೆ ಬರುತ್ತದೆ, ಹಟ್ಟಿಯಿಂದ ಲಾರಿ ಹತ್ತಿ ಕಾಫಿ ತೋಟಕ್ಕೆ ಹೋಗುತ್ತದೆ. ಕಾಡಿನಿಂದ ಹೋದದ್ದು ಕಾಡಿಗೆ ಬರಲಿಲ್ಲ, ಹೊಲಕ್ಕಂತೂ ಮೊದಲೇ ಇಲ್ಲ. ಕಾಡಂಚಿನ ಹುಲ್ಲು ತೆಳುವಾಗಿ ಲಂಟಾನ ಏರಿತು, ಮೇವಿಲ್ಲದ ಆನೆ ಹೊಲಕ್ಕಿಳಿಯಿತು. ಹೊಲಕ್ಕೆ ಚೀಲದ ಗೊಬ್ಬರ ಒಂದನ್ನೇ ಹಾಕಿ ಹಾಕಿ ಮಣ್ಣಿನ ಜೀವಿಗಳಿಗೆ ತಿನ್ನಲು ಏನೂ ಉಳಿಯಲಿಲ್ಲ. ಬೇಲಿಯ ಬದಿಯಲ್ಲಿ ಇನ್ನೂ ಇವೆ, ಏಕೆಂದರೆ ಅಲ್ಲಿ ಹೊಂಗೆಯ ಎಲೆಯನ್ನು ಯಾರೂ ಗುಡಿಸಿ ಮಾರಲಿಲ್ಲ. ನನಗೆ ಜೋಸ್ ಚೇಟನ ಚಿಪ್ಸ್ ನೆನಪಾಯಿತು. ಅಜ್ಜಿ ಕೊಟ್ಟ ಹೊಲವನ್ನು ಇಷ್ಟು ವರ್ಷ ಕುರುಕುರು ತಿಂದವರಲ್ಲಿ ನಾನೂ ಒಬ್ಬಳು.

ಅಂದು ಊಟಕ್ಕೆ ಕೂತಾಗ ದೊಡ್ಡವ್ವ ಮೊದಲ ಸಲ ಬಾಯಿ ಬಿಟ್ಟಳು. “ನಂಗೊಂದು ವರ್ಸ ಕೊಡಿ. ತಿಪ್ಪೆ ಪೂರ್ತಿ ಅವ್ವನೊಲಕ್ಕೇ ಓಗ್ಲಿ. ಬರೋ ಮಳೇಲಿ ಬಟ್ಟೆ ಹೂಳನ. ಬಟ್ಟೆ ಇಂಗೇ ಇಡಿಯಾಗಿ ಬಂದ್ರೆ ನೀವೇ ನೀಲ್ಗಿರಿ ಆಕಿ, ನಾನೇ ಗುಂಡಿ ತೋಡ್ಕೊಡ್ತೀನಿ. ಮಣ್ಣು ತಿಂದ್ರೆ ಈ ಮಾತು ಇನ್ನೆತ್ತಂಗಿಲ್ಲ.”

“ಯಾವ ಬಟ್ಟೆ?” ಎಂದು ದೊಡ್ಡಪ್ಪ ಕೇಳಬೇಕಿತ್ತು. ಬಾಯಿತುಂಬ ಬಸ್ಸಾರಿದ್ದುದರಿಂದ ಕೇಳಲಿಲ್ಲ. ತಲೆಯಾಡಿಸಿದ. ಮಾದಪ್ಪನ ಫೋಟೋದ ಮುಂದೆ ಮಾತಾಯಿತು.

ಆ ವರ್ಷ ಮನೆಯಲ್ಲಿ ಎಲ್ಲರಿಗೂ ಕೆಲಸ. ಜೋಸ್ ಚೇಟ ಲಾರಿ ತಂದಾಗ ದೊಡ್ಡವ್ವ ತಿಪ್ಪೆಗೆ ಬೆನ್ನು ಕೊಟ್ಟು ನಿಂತು, “ಈ ಸಲ ಇಲ್ಲ ಕಣಪ್ಪ” ಎಂದಳು. ಅವರು ದೊಡ್ಡಪ್ಪನ ಮುಖ ನೋಡಿದರು, ದೊಡ್ಡಪ್ಪ ಆಕಾಶ ನೋಡಿದ. “ಅಡುತ್ತ ಕೊಲ್ಲಂ?” ಎಂದು ಮುಂದಿನ ವರ್ಷದ ಆಸೆ ಇಟ್ಟುಕೊಂಡು, ಚಿಪ್ಸನ್ನು ಮಾತ್ರ ಕೊಟ್ಟು ಹೋದರು. ದನಗಳಲ್ಲಿ ಕೆಲವನ್ನು ಕಾಡಿಗೆ ಅಟ್ಟದೆ, ಬದುವಿನ ಮೇಲೆ ಹುಲ್ಲು ನೆಟ್ಟು ಮನೆಯಲ್ಲೇ ಕಟ್ಟಿ ಮೇಯಿಸಿದರು. ಸಗಣಿಯ ಜೊತೆ ಹೊಂಗೆ ಸೊಪ್ಪು ಸೇರಿಸಿ ಕೊಳೆಸಿ ಹೊಲಕ್ಕೆ ಹೊಡೆದರು. ಹುರುಳಿ, ಅಲಸಂದೆ ಚೆಲ್ಲಿದರು. ನನಗೂ ಪಾಠವಾಯಿತು. ಪ್ರತಿ ಶನಿವಾರ ಶಾಲೆಯ ಅಂಗಳದ ಎಲೆಯನ್ನೆಲ್ಲ ಗುಡ್ಡೆ ಹಾಕಿಸಿ ಬೆಂಕಿ ಇಡಿಸಿ, ಸ್ವಚ್ಛತೆಯ ಮೇಲೆ ಭಾಷಣ ಮಾಡುತ್ತಿದ್ದವಳು ನಾನು. ವಿದ್ಯಾ ಒಮ್ಮೆ ಅದನ್ನು ನೋಡಿ, “ಟೀಚರ್, ಊಟದ ತಾಟಿಗೆ ಬೆಂಕಿ ಹಚ್ಚೀರಲ್ಲ” ಎಂದಳು. ಅಂದಿನಿಂದ ಎಲೆಯೂ ಹೊಲ ಸೇರಿತು. ಭಾಷಣ ಮಾತ್ರ ನಿಲ್ಲಲಿಲ್ಲ.

ಮತ್ತೆ ಮುಂಗಾರು ಬಂತು. ವಿದ್ಯಾ ತನ್ನ ಬಿಳಿ ಚೌಕಗಳನ್ನು ತೆಗೆದುಕೊಂಡು ಹೊಲಕ್ಕೆ ಬಂದಳು. ದೊಡ್ಡವ್ವ ಮಡಿಲಿನಿಂದ ಏನನ್ನೋ ತೆಗೆದಳು. ಹಸಿರು ಜರಿಯಂಚಿನ ಬಿಳಿ ಪಂಚೆ. ದೊಡ್ಡಪ್ಪ ಮದುವೆ ಮುಂಜಿಗೆ ಮಾತ್ರ ಉಡುತ್ತಿದ್ದದ್ದು.

“ಅವ್ವಾರ, ಒಂದು ಪಂಚೆಯಿಂದ ಪಿಎಚ್‌ಡಿ ಬರೂದಿಲ್ಲರೀ” ಎಂದು ವಿದ್ಯಾ ಗಾಬರಿಯಾದಳು. “ಎಲ್ಲಾ ಕಡೆ ಒಂದ ನಮೂನಿ ಅರಿಬಿ ಇರಬೇಕ್ರೀ.”

“ನಿನ್ನ ಡಿಗ್ರಿ ನಿನ್ನ ಬಟ್ಟೇಲಿ ಬರ್ಲಿ, ನನ್ನೊಲ ನನ್ನ ಬಟ್ಟೇಲಿ ಬರ್ಲಿ” ಎಂದು ದೊಡ್ಡವ್ವ ಹೊಲದ ನಟ್ಟನಡುವೆ ಗುಂಡಿ ತೋಡಿದಳು. ಹೂಳುವ ಮೊದಲು ಪಂಚೆಯ ಮಡಿಕೆಯನ್ನು ಒಮ್ಮೆ ಸವರಿದಳು. ಅವಳಿಗೆ ಭಯವಿತ್ತು. ಪಂಚೆ ಹಾಳಾಗುವ ಭಯವಲ್ಲ. ಹಾಳಾಗದೆ ಉಳಿದುಬಿಟ್ಟರೆ ಎಂಬ ಭಯ.

ವಾರ ಕಳೆಯುವಷ್ಟರಲ್ಲಿ ಗುಂಡ್ಲುಪೇಟೆಯಲ್ಲೊಂದು ಮದುವೆ ಬಂತು. ದೊಡ್ಡಪ್ಪ ಸ್ನಾನ ಮಾಡಿ ಟ್ರಂಕಿನಲ್ಲಿದ್ದುದನ್ನೆಲ್ಲ ಹೊರಗೆಸೆದು ಹುಡುಕಿದ.

“ನನ್ನ ಜರಿ ಪಂಚೆ ಎಲ್ಲಮ್ಮಿ?”

“ಬಿತ್ತನೆ ಆಗದೆ” ಎಂದಳು ದೊಡ್ಡವ್ವ, ಒಲೆಯ ಕಡೆ ಮುಖ ಮಾಡಿಕೊಂಡು.

ದೊಡ್ಡಪ್ಪ ನನ್ನ ಕಡೆ ತಿರುಗಿದ. ನಾನು ತಕ್ಷಣ ಮಕ್ಕಳ ಕಾಪಿ ಪುಸ್ತಕ ತಿದ್ದತೊಡಗಿದೆ. ಸಾಮಾನ್ಯ ಲುಂಗಿಯಲ್ಲಿ ಮದುವೆಗೆ ಹೋದ ದೊಡ್ಡಪ್ಪ ಅಲ್ಲಿ ಕೇಳಿದವರಿಗೆಲ್ಲ ಏನು ಹೇಳಿದನೋ ಗೊತ್ತಿಲ್ಲ. ಆದರೆ ಆಮೇಲೆ ನಮ್ಮ ಹೊಲ ನೋಡಲು ಆಚೀಚೆ ಊರಿನವರೂ ಬರತೊಡಗಿದರು.

ಮಳೆ ಬೀಳುತ್ತಿದ್ದಂತೆ ಹಂದಿಗಳು ಆ ಹೊಲಕ್ಕೆ ಮೂತಿ ಹಾಕಿದವು. ಬೆಳೆಗಲ್ಲ, ಮಣ್ಣೊಳಗಿನ ಎರೆಹುಳಕ್ಕೆ. “ಮೊದ್ಲು ಹಂದೀನೂ ಈ ಮಣ್ಣ ಮೂಸ್ತಿರ್ನಿಲ್ಲ” ಎಂದು ದೊಡ್ಡಪ್ಪ ಗೊಣಗಿದ. ಗೊಣಗುತ್ತಲೇ ಪಂಚೆ ಹೂತ ಜಾಗಕ್ಕೆ ಮುಳ್ಳು ಹೊದಿಸಿದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿಬರುವನು. ಕಾವಲು ಬೇಡವೆಂದು ನೀಲಗಿರಿ ಹಾಕಲು ಹೊರಟವನು ಈಗ ಹೂತ ಪಂಚೆಗೆ ಕಾವಲು ಕೂತಿದ್ದ. ಅದನ್ನು ಅವನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಂದು ಸಂಜೆ, ಮಡಿಲಿಲ್ಲದ ಅವನು ಟವೆಲ್ಲಿನಲ್ಲಿ ಏನನ್ನೋ ಗಂಟು ಕಟ್ಟಿ ತಂದು ದೊಡ್ಡವ್ವನ ಮುಂದೆ ಸುರಿದ. ಅಣ್ಣೆ ಸೊಪ್ಪು. “ನಡೂ ಒಲ್ದಲ್ಲೇ ಎದ್ದದೆ” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ದೊಡ್ಡವ್ವ ಆ ಸೊಪ್ಪನ್ನು ಸೋಸುತ್ತ ತುಂಬ ಹೊತ್ತು ಕೂತಿದ್ದಳು.

ಪಂಚೆ ತೆಗೆಯುವ ದಿನ ಹೊಲದ ತುಂಬ ಜನ. ನಾಗಣ್ಣ ಮುಂದಿನ ಸಾಲಿನಲ್ಲಿದ್ದ. ಮೊದಲು ವಿದ್ಯಾ ತನ್ನ ಚೌಕಗಳನ್ನು ತೆಗೆದಳು. ಒಂದು ಮೂಲೆಯದು ಇನ್ನೂ ಗಟ್ಟಿಯಾಗಿತ್ತು, ಉಳಿದವು ಜಾಳು ಜಾಳಾಗಿದ್ದವು. ಅವಳು ಗೆದ್ದವಳಂತೆ ಕುಣಿಯಲಿಲ್ಲ. “ಒಂದು ಹೊಲದ ಮಾತಾತು. ಇನ್ನೂ ಹೊಲ ನೋಡಬೇಕ್ರೀ” ಎಂದಳು, ಆದರೆ ಅವಳ ಕಣ್ಣು ಹೊಳೆಯುತ್ತಿತ್ತು.

ಪಂಚೆಯ ಗುಂಡಿಯನ್ನು ಬೇರೆ ಯಾರೂ ಮುಟ್ಟಕೂಡದೆಂದು ದೊಡ್ಡಪ್ಪ ತಾನೇ ಗುದ್ದಲಿ ಹಿಡಿದ. ಸ್ವಲ್ಪ ಅಗೆದು, ಗುದ್ದಲಿ ಪಕ್ಕಕ್ಕಿಟ್ಟು, ಕೈಯಿಂದಲೇ ಮಣ್ಣು ಸರಿಸಿದ. ಹಸಿರು ಜರಿಯಂಚು ಕಂಡಿತು. ದೊಡ್ಡವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೊಡ್ಡಪ್ಪ ಅಂಚನ್ನು ಹಿಡಿದು ಮೆಲ್ಲಗೆ ಎಳೆದ. ಅಂಚು ಬಂತು, ಬಂತು, ಬರುತ್ತಲೇ ಇತ್ತು. ಬರೀ ಅಂಚು, ಮಣ್ಣು ತಿನ್ನಲಾರದ ಜರಿ. ಅದಕ್ಕೆ ಅಂಟಿಕೊಂಡು ಅಲ್ಲೊಂದು ಇಲ್ಲೊಂದು ನೂಲು, ನೂಲಿನ ಜೊತೆ ಎರೆಹುಳ. ಪಂಚೆಯೆಂಬುದು ಅಲ್ಲಿರಲಿಲ್ಲ. ಅಲ್ಲಿದ್ದದ್ದು ಕಪ್ಪಗೆ, ಪುಡಿಪುಡಿಯಾದ ಮಣ್ಣು.

“ಉಂಡದೆ ಕಣ ಕೂಸು” ಎಂದಳು ದೊಡ್ಡವ್ವ. “ನಮ್ಮವ್ವನೊಲ ಒಟ್ಟೆ ತುಂಬ ಉಂಡದೆ.” ಹೇಳಿ ಎಲ್ಲರ ಮುಂದೆ ಅತ್ತುಬಿಟ್ಟಳು. ಅಳುತ್ತಲೇ ನಕ್ಕಳು. ಅಂಥ ಸಂತೋಷ ನನಗೆ ಸ್ವಂತ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ದೊಡ್ಡಪ್ಪ ಮಾತ್ರ ಅಂಚನ್ನು ಕೈಯಲ್ಲಿ ಹಿಡಿದು ಗುಂಡಿಯ ಪಕ್ಕ ಕೂತೇ ಇದ್ದ. ಅವನು ಏನು ಹೇಳುತ್ತಾನೋ ಎಂದು ಎಲ್ಲರೂ ಕಾಯುತ್ತಿರುವಾಗ ರಸ್ತೆಯಲ್ಲಿ ಹಾರನ್ ಕೇಳಿಸಿತು. ಜೋಸ್ ಚೇಟ ಲಾರಿ ನಿಲ್ಲಿಸಿ, ಮುಂಡು ಎತ್ತಿಕಟ್ಟಿಕೊಂಡು ಬದುವಿನ ಮೇಲೆ ನಡೆದು ಬಂದರು. ಇಷ್ಟು ಜನ ಸೇರಿರುವುದನ್ನು ಕಂಡು ಯಾರಿಗೋ ಏನೋ ಆಯಿತೆಂದು ಹೆದರಿ, ಮೆಲ್ಲಗೆ, “ಚಾಣಗಂ ಉಂಡೋ ಚೇಟಾ?” ಎಂದರು.

ದೊಡ್ಡಪ್ಪ ಎದ್ದು ನಿಂತ. ಮಂಡಿಯ ಮಣ್ಣು ಕೊಡವಿಕೊಂಡ. ಹೆಂಡತಿಯ ಮುಖ ನೋಡಿದ, ಹೊಲ ನೋಡಿದ, ಕೊನೆಗೆ ಜೋಸ್ ಚೇಟನ ಬೆಳ್ಳಗಿನ ಮುಂಡನ್ನು ಮೇಲಿಂದ ಕೆಳಗೆ ನೋಡಿದ.

“ಚಾಣಗಂ ಇಲ್ಲ ಚೇಟಾ, ನಮ್ಗೇ ಸಾಲ್ದು. ಬರೋವಾಗ ಬತ್ತೇರಿಯಿಂದ ಇಂಥದ್ದೊಂದು ಮುಂಡು ತಂದ್ಕೊಡಿ. ಅಂಚು ಬ್ಯಾಡ” ಎಂದ. “ಬರೋ ವರ್ಸಕ್ಕೆ ಬಿತ್ತಕ್ಕೆ ಬೇಕು.”